ಕೆಂಚನನ್ನು ಉಳಿಸಿಕೊಟ್ಟವರಿಗೆ

ನಮ್ಮ ಮನೆಯ ಬೆಕ್ಕು ಕೆಂಚ ಎಫ್‌ಐಪಿ ಎಂಬ, ಬೆಕ್ಕುಗಳಿಗೆ ಅವುಗಳದೇ ಕೊರೊನಾ ವೈರಾಣುವಿನಿಂದ ಬರುವ ಮಾರಕ ರೋಗದಿಂದ ಪೂರ್ಣ ಗುಣವಾಗಿದ್ದಾನೆಂದು ವೈದ್ಯರು ಕಳೆದ ವಾರ ತಿಳಿಸಿದರು. ಔಷಧ ನಿಲ್ಲಿಸಿದ ಮೇಲೆ ರೋಗ ಮರುಕಳಿಸುವುದೇ ಎಂದು ಕಾದು ನೋಡುವ ಅವಧಿಯೂ ಮುಗಿದಿರುವುದರಿಂದ, ಇಷ್ಟು ಕಾಲ ಮನಸ್ಸಿನಲ್ಲೇ ಇದ್ದ ಕೃತಜ್ಞತೆಯನ್ನು ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲ ವಂದನೆ ತೀರ್ಥಹಳ್ಳಿಯ ನಮ್ಮ ಪಶುವೈದ್ಯರಿಗೆ. ಹೊಟ್ಟೆ ಉಬ್ಬಿ, ಬೆನ್ನುಮೂಳೆ ಕೈಗೆ ತಾಗುವಷ್ಟು ಬಡಕಲಾಗಿದ್ದ ಕೆಂಚನನ್ನು ಪರೀಕ್ಷಿಸಿ, ಇದು ಬಹುಶಃ ಎಫ್‌ಐಪಿ, ತಾವು ಕಂಡಂತೆ ಈ ರೋಗ ಬಂದ ಬೆಕ್ಕು ಉಳಿದಿಲ್ಲ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಇನ್ನೊಬ್ಬರಲ್ಲಿ ತೋರಿಸಿದರೆ ಇವರಿಗೆ ಬೇಸರವಾದೀತೇ ಎಂದು ನಾವು ಸಂಕೋಚಪಡುತ್ತಿರುವಾಗಲೇ, “ನನ್ನ ಮಾತೇ ಕೊನೆ ಅಂದುಕೊಳ್ಳಬೇಡಿ, ಶಿವಮೊಗ್ಗದಲ್ಲಿ ಒಮ್ಮೆ ತೋರಿಸಿ” ಎಂದು ವರದಿಗಳನ್ನೆಲ್ಲ ಜೋಡಿಸಿ, ಜೊತೆಗೊಂದು ಪತ್ರವನ್ನೂ ಬರೆದುಕೊಟ್ಟರು. ಕೆಂಚ ಉಳಿದದ್ದು ಆ ಪತ್ರದಿಂದ ಎಂದೇ ನಾನು ನಂಬಿದ್ದೇನೆ.

ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ವೈದ್ಯರು ನಮ್ಮ ಕೈಲಿದ್ದ ಕೊರೊನಾ ಪ್ರತಿಕಾಯದ ವರದಿಯೊಂದನ್ನೇ ನೆಚ್ಚಿಕೊಳ್ಳಲಿಲ್ಲ. ಬೆಕ್ಕುಗಳ ಕೊರೊನಾ ವೈರಾಣು ಎಷ್ಟೋ ಆರೋಗ್ಯವಂತ ಬೆಕ್ಕುಗಳ ಕರುಳಿನಲ್ಲಿಯೂ ಇರುತ್ತದೆ, ಕೆಲವೇ ಬೆಕ್ಕುಗಳಲ್ಲಿ ಅದು ರೂಪಾಂತರಗೊಂಡು ಎಫ್‌ಐಪಿ ಆಗುತ್ತದೆ, ಆದ್ದರಿಂದ ಪ್ರತಿಕಾಯ ಸಿಕ್ಕಿತೆಂದ ಮಾತ್ರಕ್ಕೆ ರೋಗವಿದೆ ಎನ್ನಲಾಗದು ಎಂದು ಬಿಡಿಸಿ ಹೇಳಿದರು. ಹೊಟ್ಟೆಯಲ್ಲಿ ನೀರು ತುಂಬಲು ಹೃದಯದ ತೊಂದರೆಯೋ ಗಡ್ಡೆಯೋ ಕಾರಣವಿರಬಹುದೆಂದು ಸ್ಕ್ಯಾನ್ ಮಾಡಿದರು. ಸೂಜಿಯಿಂದ ತೆಗೆದ ದ್ರವ ಜೇನಿನ ಬಣ್ಣಕ್ಕಿದ್ದು ಅಂಟಂಟಾಗಿತ್ತು. ಅಸಿಟಿಕ್ ಆಮ್ಲ ಬೆರೆಸಿದ ನೀರಿಗೆ ಅದರ ಒಂದು ಹನಿ ಬಿಟ್ಟಾಗ ಕರಗದೆ, ಆಕಾರವನ್ನೂ ಬಿಡದೆ, ಗಾಜಿನ ನಳಿಕೆಯಲ್ಲಿ ಮೇಲೆಯೇ ನಿಂತಿತು. ರಿವಾಲ್ಟಾ ಪರೀಕ್ಷೆ ಎಂದರೆ ಇದೇ, ಹನಿ ಹೀಗೆ ನಿಂತರೆ ಎಫ್‌ಐಪಿಯ ಶಂಕೆ ಬಲವಾಗುತ್ತದೆ ಎಂದು ನಮ್ಮನ್ನು ಹತ್ತಿರ ಕರೆದು ತೋರಿಸಿದರು. ರಕ್ತದಲ್ಲಿ ಆಲ್ಬುಮಿನ್ ಮತ್ತು ಗ್ಲಾಬ್ಯುಲಿನ್ ಎಂಬ ಪ್ರೋಟೀನುಗಳ ಅನುಪಾತವೂ 0.4ಕ್ಕಿಂತ ಕೆಳಗಿದ್ದು, ಅದೂ ಎಫ್‌ಐಪಿಯತ್ತಲೇ ಬೊಟ್ಟು ಮಾಡಿತು.

ರೋಗ ಅದೇ ಎಂದಾಯಿತು, ಆದರೆ ಮುಂದಿನ ಮಾತು ಬೇರೆಯಾಗಿತ್ತು. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಪಶುವೈದ್ಯ ವಿಜ್ಞಾನಿ ನೀಲ್ಸ್ ಪೆಡರ್ಸನ್ ಮತ್ತು ಸಂಗಡಿಗರು ಎಫ್‌ಐಪಿ ಬಂದ 31 ಬೆಕ್ಕುಗಳಿಗೆ ಜಿಎಸ್-441524 ಎಂಬ ವೈರಾಣು ತಡೆಯುವ ಔಷಧ ಕೊಟ್ಟು, ಅವುಗಳಲ್ಲಿ 25 ಬದುಕಿದ ವಿವರವನ್ನು 2019ರಲ್ಲಿ ಪ್ರಕಟಿಸಿದ್ದನ್ನು ಅವರು ತಿಳಿಸಿದರು. ಕೋವಿಡ್ ಕಾಲದಲ್ಲಿ ನಾವೆಲ್ಲ ಹೆಸರು ಕೇಳಿದ್ದ ರೆಮ್‌ಡೆಸಿವಿರ್ ದೇಹದೊಳಗೆ ಇದೇ ಔಷಧವಾಗಿ ಮಾರ್ಪಡುತ್ತದೆಯಂತೆ. ಸಾಮಾನ್ಯವಾಗಿ 84 ದಿನಗಳ ಈ ಚಿಕಿತ್ಸೆಯಲ್ಲಿ ತೂಕ ಹೆಚ್ಚಿದಂತೆ ಔಷಧದ ಪ್ರಮಾಣವನ್ನೂ ಹೆಚ್ಚಿಸಬೇಕು. ಪ್ರತಿ ಸಲವೂ ಬೇಸರಿಸದೆ ಕೆಂಚನನ್ನು ತೂಗಿ, ಪ್ರಮಾಣವನ್ನು ಚೀಟಿಯಲ್ಲಿ ಬರೆದು ಕೊಡುತ್ತಿದ್ದ ಅಲ್ಲಿನ ವಿದ್ಯಾರ್ಥಿಗಳಿಗೆ ನಾನು ಚಿರಋಣಿ.

ಶಿವಮೊಗ್ಗಕ್ಕೆ ಹೋಗಿಬರುವಾಗ ಕೆಂಚನ ಬುಟ್ಟಿಯನ್ನು ತಮ್ಮ ಸೀಟಿನ ಪಕ್ಕದಲ್ಲಿ ಇಟ್ಟುಕೊಂಡು, ಮಂಡಗದ್ದೆಯ ತಿರುವುಗಳಲ್ಲಿ ಅದನ್ನು ಕೈಯಿಂದ ಹಿಡಿದಿರುತ್ತಿದ್ದ ಬಸ್ಸಿನ ನಿರ್ವಾಹಕರಿಗೂ ವಂದನೆಗಳು. ಈ ಕೊರೊನಾ ಮನುಷ್ಯರಿಗೆ ಹರಡುವುದಿಲ್ಲವೆಂದು ತಿಳಿದ ಮೇಲೆ, ನಾನು ಊರಲ್ಲಿ ಇಲ್ಲದ ದಿನಗಳಲ್ಲಿ ಹೊತ್ತು ತಪ್ಪದೆ ಮಾತ್ರೆ ಕೊಟ್ಟ ಪಕ್ಕದ ಮನೆಯ ಅಕ್ಕನ ಉಪಕಾರವನ್ನು ನಾನು ಮರೆಯಲಾರೆ.

ನಮ್ಮ ಪಶುವೈದ್ಯರು ಕೇಳಿದ್ದರಿಂದ ಎಲ್ಲ ವರದಿಗಳ ಪ್ರತಿಯನ್ನು ಅವರಿಗೆ ಕೊಟ್ಟಿದ್ದೇನೆ. ಇಂಥದೇ ಕಷ್ಟದಲ್ಲಿರುವ ಸುತ್ತಮುತ್ತಲಿನವರು ಕೇಳಿದರೆ ಅವರಿಗೂ ಸಂತೋಷದಿಂದ ಕೊಡುತ್ತೇನೆ.