ಹಳೇ ಕಾರಿಗೆ ಕಂಪನಿ ಹೆಸರೊಂದ ನೋಡಿದ್ರ ಸಾಲಂಗಿಲ್ಲ

ಸಂಪಾದಕರಿಗೆ ನಮಸ್ಕಾರ್ರಿ,

ನಮ್ ಕಲಬುರಗಿಯಾಗ ಸೆಕೆಂಡ್ ಹ್ಯಾಂಡ್ ಕಾರ್ ತಗೊಳೋರು ಮೊದಲ ಕೇಳೋದು ಯಾವ ಕಂಪನಿ ಛಲೋ ಅಂತ, ಮಾರುತಿ ಅಂದ್ರ ಕಣ್ಮುಚ್ಚಿ ತಗೋತಾರ. ತಪ್ಪೇನಿಲ್ಲ, ಸೇಡಂ, ಚಿತ್ತಾಪುರದಾಗೂ ಸ್ವಿಫ್ಟ್, ವ್ಯಾಗನಾರ್ ಬಿಚ್ಚಿ ಜೋಡಿಸೋ ಮಿಸ್ತ್ರಿ ಸಿಗ್ತಾರ. ಟೊಯೊಟಾ ಇನ್ನೋವಾ ಎರಡ್ಮೂರು ಲಕ್ಷ ಕಿಲೋಮೀಟರ್ ಓಡಿದ್ರೂ ಗಟ್ಟಿನೇ, ಆದ್ರ ರೇಟ್ ಇಳಿಯಂಗಿಲ್ಲ, ಮ್ಯಾಲೆ ಟ್ಯಾಕ್ಸಿಗೆ ಓಡಿದ್ವೂ ಬರ್ತಾವ, ಮೀಟರ್ ತಿರುವಿದ್ರ ನಮ್ಮಂಥೋರಿಗೆ ಹ್ಯಾಂಗ ಗೊತ್ತಾಗ್ಬೇಕು? ಹೋಂಡಾ ಸಿಟಿ ಪೆಟ್ರೋಲ್ ಎಂಜಿನ್ ಮ್ಯಾಲ ನಂಗ ಭಾಳ ಭರವಸಿ ಅದ. ಫೋಕ್ಸ್‌ವ್ಯಾಗನ್, ಸ್ಕೋಡಾ ಓಡಿಸಾಕ ಮಸ್ತ್, ಆದ್ರ ಹಳೇ ಏಳು ಗೇರಿನ ಡಿಎಸ್‌ಜಿ ಅನ್ನೋ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇದ್ರ ಹುಷಾರ್ರಿ, ಅದರ ಕ್ಲಚ್ ಎಣ್ಣಿಯಾಗ ಮುಳುಗಿರಂಗಿಲ್ಲ, ನಮ್ಮ 40 ಡಿಗ್ರಿ ಬ್ಯಾಸಗಿಯಾಗ ಸೂಪರ್ ಮಾರ್ಕೆಟ್ ಏರಿಯಾದ ಟ್ರಾಫಿಕ್‌ನಾಗ ತೆವಳಿದ್ರ ಭಾಳ ಬಿಸಿ ಆಗ್ತದ, ಕೆಟ್ರ ಖರ್ಚು ಭಾರೀ. ಷೆವರ್ಲೆ 2017ರಾಗ ಇಲ್ಲಿ ಮಾರೋದು ಬಿಡ್ತು, ಫೋರ್ಡ್ 2021ರಾಗ ತಯಾರಿಕೆ ನಿಲ್ಲಿಸೋದಾಗಿ ಹೇಳ್ತು, ಅವು ಅಗ್ಗ ಸಿಗ್ತಾವಂತ ಮುಗಿಬೀಳೋದಕ್ಕಿಂತ ಮೊದಲ ಪಾರ್ಟ್ಸ್ ಎಲ್ಲಿ ಸಿಗ್ತಾವ ಅಂತ ಕೇಳ್ರಿ.

ನನ್ನ ಮಟ್ಟಿಗೆ ಬ್ರ್ಯಾಂಡಿಗಿಂತ ಹಿಂದಿನ ಮಾಲಕ ಹ್ಯಾಂಗ ಇಟ್ಕೊಂಡಿದ್ದ ಅನ್ನೋದೇ ದೊಡ್ಡದು. ಈ ಧೂಳಿನ್ಯಾಗ ಏರ್ ಫಿಲ್ಟರ್ ಬದಲಿಸ್ದೆ, ಕೂಲೆಂಟ್ ಬದ್ಲಿ ಬೋರ್‌ವೆಲ್ ನೀರು ಹಾಕಿ ಓಡಿಸಿದ್ರ ಯಾವ ಕಂಪನಿ ಎಂಜಿನ್ನೂ ಉಳಿಯಂಗಿಲ್ಲ.

ಅದಕ್ಕ ಡೀಲರ್‌ಗಳು ಸರ್ವಿಸ್ ರೆಕಾರ್ಡ್ ತೋರಿಸೇ ಮಾರ್ಬೇಕು. ಫಾರ್ಮ್ 29, 30 ಕೊಟ್ಟು ಆರ್‌ಸಿ ಹೆಸರು ಬದಲಿಸೋದನ್ನೂ ಮುಂದೂಡಬಾರ್ದು. ಆರ್‌ಟಿಒದೋರು ಕಚೇರಿ ಮುಂದ ಇದನ್ನೆಲ್ಲ ಕನ್ನಡದಾಗ ಬರೆದು ಒಂದು ಬೋರ್ಡ್ ಹಾಕಿದ್ರ ಹಳ್ಳಿಯಿಂದ ಬರೋರಿಗೆ ಭಾಳ ಅನುಕೂಲ ಆಗ್ತದ.

ಒಬ್ಬ ಓದುಗ, ಕಲಬುರಗಿ