ಹಸಿರು ಎಮ್ಮೆ ಮಾರಿಬಿಟ್ಟೆ ಕಣೋ

ಲೋ ಗೂಬೆ,

ಸುದ್ದಿ ಕೇಳಿ ಮೂರು ಪ್ರಶ್ನೆಗುರುತು ಕಳಿಸಿ ಸುಮ್ಮನಾಗಿದ್ದೀಯ. ಉತ್ತರ ಇಲ್ಲೇ, ಎಲ್ಲರೆದುರಿಗೇ ಕೊಡುತ್ತೇನೆ. ಆಮೇಲೆ ನೀನು ಕಥೆಗೆ ಉಪ್ಪುಖಾರ ಸೇರಿಸಿ ಹಂಚುವುದು ಬೇಡ.

ಹೌದು, ಮಾರಿದೆ. ಎಮ್ಮೆ ಅಂತ ಕರೆಯುತ್ತಿದ್ದ ನನ್ನ ಹಳೇ ಅಮೆರಿಕನ್ ಕಾರನ್ನು, 1967ರ ಪಾಂಟಿಯಾಕ್ ಜಿಟಿಒ, ಲಿಂಡನ್ ಗ್ರೀನ್ ಅನ್ನೋ ಹಸಿರು ಬಣ್ಣದ್ದು. ಎಷ್ಟಕ್ಕೆ ಅಂತ ಮಾತ್ರ ಬರೆಯಲ್ಲ. ಇದನ್ನು ನನ್ನ ಹೆಂಡತಿಯೂ ಓದುತ್ತಾಳೆ. ಅವಳಿಗೆ ಹೇಳಿದ ಖರ್ಚಿಗೂ ನಿಜವಾದ ಖರ್ಚಿಗೂ ನಡುವೆ ಒಂದು ಲೂನಾ ಆರಾಮಾಗಿ ಹೋಗಬಹುದು. (ಲೂನಾ ಅಂದಕೂಡಲೇ ನಗಬೇಡ.)

ಉಳಿದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ, ನೀನು ಬೇಕಾದರೆ ಹಾರಿಸು. ಮಧ್ಯಮ ಗಾತ್ರದ ಕಾರಿಗೆ 330 ಕ್ಯೂಬಿಕ್ ಇಂಚಿಗಿಂತ ದೊಡ್ಡ ಎಂಜಿನ್ ಬೇಡ ಅಂತ ಜನರಲ್ ಮೋಟಾರ್ಸ್ ಕಂಪನಿಯಲ್ಲಿ ಆಗ ಕಟ್ಟುನಿಟ್ಟು ಇತ್ತು. ಪಾಂಟಿಯಾಕ್ ವಿಭಾಗದ ಜಾನ್ ಡಿಲೋರಿಯನ್ ಮತ್ತು ಜೊತೆಗಾರರು 1964ರ ಮಾಡೆಲ್‌ಗೆ 389 ಇಂಚಿನ ವಿ8 ಎಂಜಿನ್ ಕೂರಿಸಿ, ಇದು ಬೇರೆ ಕಾರಲ್ಲ ಸ್ವಾಮಿ, ಲೆಮಾನ್ಸ್ ಕಾರಿಗೆ ಕೊಡುವ ಆಪ್ಷನ್ ಅಷ್ಟೇ ಅಂದುಬಿಟ್ಟರು. ಜಿಟಿಒ ಅನ್ನೋ ಹೆಸರನ್ನು ಫೆರಾರಿಯಿಂದ ರಾಜಾರೋಷವಾಗಿ ಎತ್ತಿಕೊಂಡರು. ಮೊದಲ ವರ್ಷವೇ 32,450 ಕಾರುಗಳಾದವು. 1967ರ ಹೊತ್ತಿಗೆ ಎಂಜಿನ್ 400 ಇಂಚಿಗೆ ಬೆಳೆದಿತ್ತು, 335 ಹಾರ್ಸ್‌ಪವರ್.

ಆ ವರ್ಷ ಆಟೊಮ್ಯಾಟಿಕ್ ಕಾರಿಗೆ ಹರ್ಸ್ಟ್ ಕಂಪನಿಯ ಎರಡು ಸಾಲಿನ ಗೇರ್ ಲಿವರ್ ಸಿಗುತ್ತಿತ್ತು. ಒಂದು ಸಾಲು ಸುಮ್ನೆ 'ಡಿ'ಗೆ ಹಾಕಿ ಹೋಗುವುದಕ್ಕೆ, ಇನ್ನೊಂದು ಕೈಯಾರೆ ಗೇರ್ ಏರಿಸುವುದಕ್ಕೆ. ಅದಕ್ಕೆ 'ಅವನಿಗೊಂದು ಅವಳಿಗೊಂದು' ಅಂತ ಅಡ್ಡಹೆಸರು ಬೇರೆ. ನನ್ನ ಹೆಂಡತಿ ಕೂತ ಮೊದಲ ದಿನವೇ ಅವನ ಸಾಲಿಗೆ ತಳ್ಳಿ ಹಾರಿಸಿಕೊಂಡು ಹೋದಳು. ಕೊನೆವರೆಗೂ ಅವಳ ಸಾಲಿನಲ್ಲೇ ಓಡಿಸಿದವನು ನಾನು.

ಈ ಹಳೇ ಗಾಡಿಯನ್ನು ಕಾರ್ಖಾನೆಯಿಂದ ಬಂದ ಹಾಗೇ ಮಾಡಬೇಕು ಅಂತ ನಾನು ಮಾಡಿದ ಕೆಲಸ ನಿನಗೆ ಗೊತ್ತೇ ಇದೆ, ರಾತ್ರಿ ಹೊತ್ತಲ್ಲದ ಹೊತ್ತಲ್ಲಿ ಫೋನ್ ಮಾಡಿ ಬೋಲ್ಟ್ ಪುರಾಣ ಕೇಳಿಸಿದ್ದೇನೆ. ಈಗಿನ ಕ್ಲಿಯರ್‌ಕೋಟ್ ಹೊಡೆಸಿದರೆ ಬಣ್ಣ ಜಾಸ್ತಿ ಮಿಂಚುತ್ತದೆ, ಜಾಸ್ತಿ ಬಾಳುತ್ತದೆ. ಆದರೆ ಕಾರ್ಖಾನೆಯಲ್ಲಿ ಹೊಡೆದದ್ದು ಅಕ್ರಿಲಿಕ್ ಲ್ಯಾಕರ್, ಹಾಗಾಗಿ ಅದೇ ಆಗಬೇಕು. ರೇಡಿಯಲ್ ಟೈರ್ ಹಾಕಿದರೆ ಗಾಡಿ ನೆಟ್ಟಗೆ ಹೋಗುತ್ತದೆ. ಆದರೆ ಆಗ ಬಂದದ್ದು ಕೆಂಪು ಗೆರೆಯ ಬಯಾಸ್ ಟೈರ್, ರಸ್ತೆಯ ಗೀರುಗಳನ್ನೆಲ್ಲ ಮೂಸಿಕೊಂಡು ಅಡ್ಡಾದಿಡ್ಡಿ ಹೋಗುವಂಥದ್ದು. ಅದೂ ಆಗಬೇಕು. ಆ ವರ್ಷ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಆಪ್ಷನ್ ಇತ್ತು, ನನ್ನ ಕಾರಿನ ಮೊದಲ ಮಾಲೀಕ ತೆಗೆದುಕೊಂಡಿರಲಿಲ್ಲ. ಅವನು ಉಳಿಸಿದ ದುಡ್ಡಿಗೆ ನಾನು ಸಿಗ್ನಲ್ ಸಿಗ್ನಲಿಗೂ ಮಂಜುನಾಥನನ್ನು ನೆನೆದಿದ್ದೇನೆ.

ಅಡಿಭಾಗದಲ್ಲಿ ಪೇಂಟ್ ಸರಿಯಾಗಿ ಬೀಳದ ಜಾಗಗಳಿರುತ್ತವೆ. ಪರೀಕ್ಷೆ ಮಾಡಿದವರು ಕ್ರೇಯಾನಿನಲ್ಲಿ ಗೀಚಿದ ಗುರುತುಗಳಿರುತ್ತವೆ. ಹಳೇ ಫೋಟೋ ನೋಡಿಕೊಂಡು ಅವನ್ನೂ ಹಾಗೇ ಮಾಡಿದೆ. ಯಾವನೋ ಊಟದ ಹೊತ್ತಿಗೆ ಕಾಯುತ್ತಾ ಅವಸರದಲ್ಲಿ ಎಸೆದ ಕೆಲಸವನ್ನು ನಾನು ಬೆನ್ನ ಮೇಲೆ ಮಲಗಿ, ಉಸಿರು ಬಿಗಿಹಿಡಿದು ನಕಲು ಮಾಡಿದೆ.

ಕೊಳ್ಳಲು ಬಂದವರು ಒಹಾಯೊದಿಂದ, ಎಪ್ಪತ್ತು ದಾಟಿದ ಹಿರಿಯರು. ಟಾರ್ಚು, ಮ್ಯಾಗ್ನೆಟ್ ಎಲ್ಲ ತಂದಿದ್ದರು. ಪುಟ್ಟಿ ಮೆತ್ತಿದ ಜಾಗದಲ್ಲಿ ಮ್ಯಾಗ್ನೆಟ್ ಹಿಡಿಯಲ್ಲವಲ್ಲ, ಅದಕ್ಕೆ. ಪಾಂಟಿಯಾಕ್‌ನದೇ ಸಾದಾ ಕಾರು ಟೆಂಪೆಸ್ಟ್‌ಗೆ ಜಿಟಿಒ ಬ್ಯಾಡ್ಜ್ ಅಂಟಿಸಿ ಮಾರುವವರು ಇದ್ದಾರೆ, ಹಾಗಾಗಿ ಷಾಸಿ ನಂಬರ್ 242ರಿಂದ ಶುರುವಾಗುತ್ತದಾ ಅಂತ ನೋಡಿದರು. ಪಾಂಟಿಯಾಕ್ ಹಿಸ್ಟಾರಿಕ್ ಸರ್ವೀಸಸ್‌ನಿಂದ ನಾನು ತರಿಸಿದ್ದ ಕಾರ್ಖಾನೆಯ ದಾಖಲೆ ಓದಿದರು. ಆಮೇಲೆ ಒಳಗೆ ಕೂತು ಎರಡೂ ಕೈ ಸ್ಟಿಯರಿಂಗ್ ಮೇಲಿಟ್ಟು, ನಾವು ಹೈಸ್ಕೂಲಿನಲ್ಲಿದ್ದಾಗ ಹೀಗೇ ಇತ್ತು, ಒಂದು ಚೂರೂ ಆಚೀಚೆ ಇಲ್ಲ, ನೀವು ಆಗ ಇಲ್ಲಿರಲೇ ಇಲ್ಲ, ನಿಮಗೆ ಹೇಗೆ ಗೊತ್ತಾಯಿತು ಅಂದರು.

ಮೆಚ್ಚುಗೆಯಿಂದಲೇ ಕೇಳಿದ್ದು ಕಣೋ. ನಾನೂ ನಕ್ಕು, ಓದಿಕೊಂಡೆ ಅಂದೆ.

ಗಾಡಿ ಟ್ರೇಲರ್ ಹತ್ತಿ ಹೋಯಿತು. ಮಾತು ಹೋಗಲಿಲ್ಲ. ನಾನು ಇಷ್ಟು ನಿಷ್ಠೆಯಿಂದ ವಾಪಸ್ ತಂದ 1967ರಲ್ಲಿ ನನ್ನಂಥವನಿಗೆ ಜಾಗ ಎಲ್ಲಿತ್ತು? ಅಮೆರಿಕದ 1946ರ ಕಾನೂನು ಭಾರತದಿಂದ ಬಂದು ನೆಲೆಸುವವರಿಗೆ ಕೊಟ್ಟಿದ್ದು ವರ್ಷಕ್ಕೆ 100 ಸೀಟು. ಆ ಪದ್ಧತಿ ತೆಗೆದುಹಾಕಿದ ಕಾನೂನಿಗೆ 1965ರಲ್ಲಿ ಸಹಿ ಬಿತ್ತು, ಪೂರ್ತಿ ಜಾರಿಗೆ ಬಂದಿದ್ದು 1968ರಲ್ಲಿ. ಅದನ್ನು ತಂದವರಲ್ಲಿ ಒಬ್ಬ, ಫಿಲಿಪ್ ಹಾರ್ಟ್, ನಾನಿರುವ ಇದೇ ಮಿಶಿಗನ್ ರಾಜ್ಯದ ಸೆನೆಟರ್. ಅವನ ಬಗ್ಗೆ ನಾನು ಓದಿದ್ದು ಕಾರು ಮಾರಿದ ಮೇಲೆ. ಕಾರ್ಬ್ಯುರೇಟರ್ ಬಗ್ಗೆ ಓದಿದ್ದು ಅದಕ್ಕೆ ವರ್ಷಗಳ ಮುಂಚೆ. ಇನ್ನು ಅದೇ 1967ರ ಜುಲೈನಲ್ಲಿ ಜನಾಂಗೀಯ ಗಲಭೆಗೆ ಡೆಟ್ರಾಯಿಟ್ ಹೊತ್ತಿ ಉರಿದು 43 ಜನ ಸತ್ತರು. ಇಲ್ಲಿಂದ ಅರ್ಧ ಗಂಟೆ ದಾರಿ ಅದು. ವುಡ್‌ವರ್ಡ್ ಅವೆನ್ಯೂ ಪಕ್ಕ ಕುರ್ಚಿ ಹಾಕಿ ಕೂತು ಹಳೇ ದಿನಗಳ ಕಥೆ ಹೇಳುವವರ ಬಾಯಲ್ಲಿ ಅದು ಬಂದಿದ್ದು ನಾನು ಕೇಳಿಲ್ಲ. ನಾನೂ ಎತ್ತಿಲ್ಲ ಬಿಡು.

ಆ ವುಡ್‌ವರ್ಡ್ ಡ್ರೀಮ್ ಕ್ರೂಸ್ ಬಗ್ಗೆ ಹೇಳಿದ್ದೆನಲ್ಲ, ಆಗಸ್ಟಿನ ಮೂರನೇ ಶನಿವಾರ, 1995ರಿಂದ ನಡೆಯುತ್ತಿರುವ ಹಳೇ ಕಾರುಗಳ ಜಾತ್ರೆ. ಎಮ್ಮೆ ಜೊತೆ ನಿಂತಾಗ ಅಲ್ಲಿ ಯಾರೂ ನನ್ನನ್ನು ಯಾವ ಊರು ಅಂತ ಕೇಳುತ್ತಿರಲಿಲ್ಲ. ಕೇಳುತ್ತಿದ್ದದ್ದು ಗಾಡಿಯ ವರ್ಷ, ಎಂಜಿನ್ ಒರಿಜಿನಲ್ಲಾ ಅಂತ. ಅಪರಿಚಿತರು ಬಂದು ಹೆಗಲ ಮೇಲೆ ಕೈ ಹಾಕಿ ತಮ್ಮ ಅಣ್ಣನ ಕಾರಿನ ಕಥೆ ಹೇಳುತ್ತಿದ್ದರು. ನಮ್ಮ ಕನ್ನಡದವರು ಮಾತ್ರ ಎಷ್ಟಾಯ್ತು, ಎಷ್ಟು ಕೊಡುತ್ತೆ ಅಂತ ಎರಡೇ ಪ್ರಶ್ನೆಯಲ್ಲಿ ಮುಗಿಸುತ್ತಿದ್ದರು. ಈ ಸಲ ಬರಿಗೈಯಲ್ಲಿ ಹೋಗಿ ಫುಟ್‌ಪಾತ್ ಮೇಲೆ ನಿಂತಿದ್ದೆ. ಪಕ್ಕದವರು ನಗುನಗುತ್ತಾ ಯಾವ ಊರು ಅಂದರು. ಈಗ ಮನೆಯಿರುವ ಟ್ರಾಯ್ ಊರಿನ ಹೆಸರು ಹೇಳಿದೆ. ಅದಲ್ಲ, ಮೊದಲು ಎಲ್ಲಿ ಅಂದರು.

ಕೋಪ ಬರಲಿಲ್ಲ. ಒಳ್ಳೆಯವರೇ. ಆದರೆ ಒಂದು ವಿಷಯ ಹೊಳೆದು ಬೆವರಿಬಿಟ್ಟೆ. ಆ ಒಂದೊಂದು ಬೋಲ್ಟಿಗೆ ನಾನು ಅಷ್ಟು ಒದ್ದಾಡಿದ್ದು ಪ್ರೀತಿಯಿಂದ ಅಂತ ನಿನಗೂ ಹೇಳಿದ್ದೆ, ಇಲ್ಲೂ ಉದ್ದುದ್ದ ಬರೆದು ಮೆಚ್ಚಿಸಿಕೊಂಡಿದ್ದೆ. ಪ್ರೀತಿ ಇತ್ತು, ಇಲ್ಲ ಅನ್ನಲ್ಲ. ಆದರೆ ಜಾಸ್ತಿ ಇದ್ದದ್ದು ಹೆದರಿಕೆ. ಯಾರೋ ಒಬ್ಬರು ಬಗ್ಗಿ ನೋಡಿ, ಈ ಕ್ಲ್ಯಾಂಪ್ ತಪ್ಪು, ಇವನಿಗೇನು ಗೊತ್ತು ಅಂದುಬಿಟ್ಟರೆ? ಇಲ್ಲಿಯ ಹುಡುಗ ಅದೇ ಕಾರಿಗೆ ಕೈಗೆ ಸಿಕ್ಕ ಚಕ್ರ, ಸಿಕ್ಕ ಸ್ಟೀರಿಯೊ ಹಾಕಿ ಆರಾಮಾಗಿ ಓಡಾಡುತ್ತಾನೆ. ಅವನದು, ಅವನಿಷ್ಟ. ನನಗೆ ಆ ಸಲಿಗೆ ಬರಲೇ ಇಲ್ಲ. ಯಾವಾಗಲೂ ವೈವಾಗೆ ರೆಡಿಯಾಗಿ ನಿಂತವನ ಹಾಗೇ ನಿಂತಿದ್ದೆ. ಮಾರಿದ ದಿನ ಬೇಜಾರಿಗಿಂತ ಮೊದಲು ಬಂದದ್ದು ಏನು ಗೊತ್ತಾ? ಅಬ್ಬಾ, ಇನ್ನು ಯಾರೂ ಚೆಕ್ ಮಾಡಲ್ಲ ಅನ್ನೋ ನೆಮ್ಮದಿ.

ಇಷ್ಟು ಬರೆಯಬೇಕು ಅಂತ ಕೂತಿರಲಿಲ್ಲ. ಸಾಕು, ಕಾಮೆಂಟಿನಲ್ಲಿ ಬುದ್ಧ ಬಸವ ಅಂತ ಶುರು ಮಾಡಬೇಡ. ವೈವಾ ಅಂದಮೇಲೆ ನಿನಗೆ ಡಿಫರೆನ್ಷಿಯಲ್ ಪ್ರಸಂಗ ನೆನಪಾಗಿರುತ್ತದೆ, ಅದನ್ನು ಇಲ್ಲಿ ಎತ್ತಿದರೆ ಬ್ಲಾಕ್ ಮಾಡುತ್ತೇನೆ.

ಗರಾಜು ಖಾಲಿ ಇರಬಾರದು ಅಂತ ಮನೆಯವಳು ಆಗಲೇ ಸೋನಾಮಸೂರಿ ಮೂಟೆ, ವೆಟ್ ಗ್ರೈಂಡರ್, ಮಗಳ ಮೂರು ಸೈಜಿನ ಸೈಕಲ್ ತಂದು ಜೋಡಿಸಿದ್ದಾಳೆ. ನೆಲದ ಮೇಲಿನ ಎಣ್ಣೆ ಕಲೆ ಉಜ್ಜುವ ಕೆಲಸ ನನ್ನದಂತೆ. ಸೋಪಿನ ಪುಡಿ ಯಾವ ಕಂಪನಿಯದು ಅಂತ ಕೇಳಬೇಡ, ಒರಿಜಿನಲ್ ಅಲ್ಲ.

ಆಮೇಲೆ, ಮಾರಿದ ದುಡ್ಡಲ್ಲಿ ನಿನ್ನ ಕ್ಯಾಂಟೀನ್ ಬಾಕಿ ತೀರಿಸುತ್ತೇನೆ ಅಂತ ಕನಸು ಕಾಣಬೇಡ. ಅದಕ್ಕೆ ದಾಖಲೆ ಇಲ್ಲ, ನಂಬರೂ ಮ್ಯಾಚ್ ಆಗಲ್ಲ.

ಇಂತಿ,
ನಿನ್ನ ಡಬ್ಬ