ಎಲ್ಲರೂ ಸಿಲುಕಿದರೆ ಹೇಗಮ್ಮಾ?

ಪ್ರೀತಿಯ ತಂಗೀ,

ಕತೆ ಓದಿದೆ. ಚೆನ್ನಾಗಿದೆ. ಪತ್ರಿಕೆಗೆ ಕಳಿಸಬಹುದು, ಆದರೆ ಈ ವಾರವೇ ಬೇಡ. ಒಂದು ಕ್ರಿಯಾಪದದ ಬಗ್ಗೆ ಮಾತಾಡುವುದಿದೆ.

ನಿನ್ನ ಕತೆಯಲ್ಲಿ ಎಲ್ಲರೂ ಸಿಲುಕುತ್ತಾರೆ ಕಣಮ್ಮಾ. ಅಪ್ಪ ಸಾಲದಲ್ಲಿ ಸಿಲುಕುತ್ತಾನೆ, ಅಣ್ಣ ಇಸ್ಪೀಟಿನಲ್ಲಿ ಸಿಲುಕುತ್ತಾನೆ, ಹುಡುಗಿ ಪ್ರೀತಿಯಲ್ಲಿ ಸಿಲುಕುತ್ತಾಳೆ, ಅವಳ ದುಪಟ್ಟಾ ಬೇಲಿಯಲ್ಲಿ ಸಿಲುಕುತ್ತದೆ, ಅವಳು ಹತ್ತಿದ ಬಸ್ಸು ಚಿಂತಾಮಣಿಯ ಟ್ರಾಫಿಕ್ಕಿನಲ್ಲಿ ಸಿಲುಕುತ್ತದೆ. ಸಿಲುಕು ಒಳ್ಳೆಯ ಹಳೆಯ ಪದವೇ. ಪೇಪರಿನವರು ಅದನ್ನು ಸಿಕ್ಕಾಪಟ್ಟೆ ಸವೆಸಿಬಿಟ್ಟಿದ್ದಾರೆ, ಅಷ್ಟೇ. ಸಂಕಷ್ಟಕ್ಕೆ ಸಿಲುಕಿದ ರೈತ, ಪ್ರವಾಹಕ್ಕೆ ಸಿಲುಕಿದ ಜನ, ವಿವಾದದಲ್ಲಿ ಸಿಲುಕಿದ ಸಚಿವರು. ಶಿಡ್ಲಘಟ್ಟದ ಯಾವ ಮನೆಯಲ್ಲಾದರೂ 'ಅಯ್ಯೋ, ನಾನು ಸಿಲುಕಿದೆ' ಅಂತ ಯಾರಾದರೂ ಅಂದದ್ದನ್ನು ಕೇಳಿದ್ದೀಯಾ? ಇಲ್ಲ ಅಲ್ವಾ. ಅವರು ಸಿಕ್ಕಿಹಾಕಿಕೊಳ್ಳುತ್ತಾರೆ.

ಈ ಸಿಕ್ಕು ಇದೆಯಲ್ಲ, ಸಿಲುಕಿನ ಒಡಹುಟ್ಟು, ಇದರಷ್ಟು ಕೆಲಸ ಮಾಡುವ ಕ್ರಿಯಾಪದ ನಮ್ಮಲ್ಲಿ ಕಮ್ಮಿ. ದೊರೆಯುವುದೂ ಅದೇ, ಹಿಡಿಗೆ ಬರುವುದೂ ಅದೇ, ಗೋಜಲಾಗುವುದೂ ಅದೇ. 1894ರ ಕಿಟೆಲ್ ನಿಘಂಟಿನಲ್ಲೂ ಈ ಅರ್ಥಗಳೆಲ್ಲ ಒಟ್ಟಿಗೇ ಇವೆ. ಹಾಗಾದರೆ ಓದುವವನಿಗೆ ಗೊಂದಲ ಆಗುವುದಿಲ್ಲವೇ? ಆಗುವುದಿಲ್ಲ. 'ನನಗೆ ಬಸ್ಸು ಸಿಕ್ಕಿತು' ಅಂದರೆ ಮನೆಗೆ ಬರುತ್ತೇನೆ ಅಂತ. 'ಬಸ್ಸಿಗೆ ಸಿಕ್ಕಿದ' ಅಂದರೆ ಮನೆಯವರು ಆಸ್ಪತ್ರೆಗೆ ಓಡಬೇಕು ಅಂತ. ಕ್ರಿಯಾಪದ ಅಲ್ಲಾಡಲೇ ಇಲ್ಲ, 'ಗೆ' ಮಾತ್ರ ಮನುಷ್ಯನನ್ನು ಬಿಟ್ಟು ಬಸ್ಸಿಗೆ ಅಂಟಿಕೊಂಡಿತು. ಯಾರ ಕೈಗೆ ಏನು ಹೋಯಿತು ಅನ್ನುವುದನ್ನು ಆ ಒಂದು ಅಕ್ಷರ ಹೇಳಿಬಿಡುತ್ತದೆ. ಬರೆಯುವಾಗ ನೀನು ಕಣ್ಣಿಡಬೇಕಾದ್ದು ಅಲ್ಲಿ.

ಆಮೇಲೆ ಕ್ರಿಯಾಪದದ ಹಿಂದೆ ಅಂಟುವ ಬಾಲ. ಅಣ್ಣ ಇಸ್ಪೀಟು ಆಡುವಾಗ ಪೊಲೀಸರು ಬಂದರೆ ಅವನು ಸಿಕ್ಕಿಬಿದ್ದ. ಅಪ್ಪ ತಾನೇ ಸಹಿ ಹಾಕಿ, ಬಡ್ಡಿ ಮೇಲೆ ಬಡ್ಡಿ ಕಟ್ಟುತ್ತಾ ಕೂತಿದ್ದರೆ ಅವನು ಸಿಕ್ಕಿಕೊಂಡ ಅಥವಾ ಸಿಕ್ಕಿಹಾಕಿಕೊಂಡ, ಯಾಕೆಂದರೆ 'ಕೊಳ್ಳು' ಬಂದ ಕೂಡಲೇ ತನ್ನ ಕೈಯೂ ಅದರಲ್ಲಿ ಸೇರಿದೆ ಅನ್ನುವ ಧ್ವನಿ ಬರುತ್ತದೆ. ಭಾವ ಬಂದು ಅಪ್ಪನ ಕೈಯಲ್ಲಿ ಜಾಮೀನಿಗೆ ಸಹಿ ಹಾಕಿಸಿ ತಾನು ನಾಪತ್ತೆಯಾಗಿದ್ದರೆ ಭಾವ ಸಿಕ್ಕಿಸಿದ. ಅದೇ ಸಿಕ್ಕಿಸು ಮುಡಿಗೆ ಹೂ ಸಿಕ್ಕಿಸುವುದಕ್ಕೂ ಬರುತ್ತದೆ, ಸೊಂಟಕ್ಕೆ ಸೆರಗು ಸಿಕ್ಕಿಸುವುದಕ್ಕೂ ಬರುತ್ತದೆ, ಅಲ್ಲೇನೂ ಮೋಸ ಇಲ್ಲ. ನಿನ್ನ ಕತೆಯಲ್ಲಿ ಅಪ್ಪನದು ಈ ಮೂರರಲ್ಲಿ ಯಾವುದು? ಓದಿದರೂ ನನಗೆ ಗೊತ್ತಾಗಲಿಲ್ಲ. 'ಸಾಲದಲ್ಲಿ ಸಿಲುಕಿದ' ಅಂತ ಬರೆದು ನೀನು ಆ ಪ್ರಶ್ನೆಯಿಂದ ತಪ್ಪಿಸಿಕೊಂಡಿದ್ದೀಯ. ಕತೆಯ ಅರ್ಧ ಜೀವ ಅಲ್ಲೇ ಇದೆ.

ನಮ್ಮ ಕಡೆಯವರಿಗೆ ಇನ್ನೊಂದು ಅನುಕೂಲ ಇದೆ. ಕೋಲಾರ, ಚಿಂತಾಮಣಿ, ಬಾಗೇಪಲ್ಲಿಯ ಎಷ್ಟೋ ಮನೆಗಳಲ್ಲಿ ಒಂದು ಬಾಯಿ ಕನ್ನಡ, ಒಂದು ಬಾಯಿ ತೆಲುಗು. ತೆಲುಗಿನ ಚಿಕ್ಕು ನಮ್ಮ ಸಿಕ್ಕಿನ ಹತ್ತಿರದ ನೆಂಟ, ಕೂದಲ ಗಂಟಿಗೂ ಅದೇ, ಬಲೆಗೆ ಬೀಳುವುದಕ್ಕೂ ಅದೇ. ಆದರೆ ಊರಿಗೆ ಹೋದ ಮೊಮ್ಮಗಳನ್ನು ನೋಡಿ ಅಜ್ಜಿ 'ಚಿಕ್ಕಿಪೋಯಾವು' ಅಂದರೆ ಬಡವಾಗಿಬಿಟ್ಟೆ, ಸೊರಗಿದೆ ಅಂತ. ನಿನ್ನ ಕತೆಯ ಅಜ್ಜಿ ತೆಲುಗಿನವಳು ಅಂದಿದ್ದೀಯ, ಮಾತು ಮಾತ್ರ ಟಿವಿ ಧಾರಾವಾಹಿಯ ಕನ್ನಡ. ಆ ಒಂದು ಮಾತು ಅವಳ ಬಾಯಲ್ಲಿ ಬರಲಿ. ಹುಡುಗಿ ಒಳಗೊಳಗೇ ಬೆಚ್ಚಲಿ, ಅಜ್ಜಿಗೆ ವಿಷಯ ಗೊತ್ತಾಯಿತಾ, ಸಿಕ್ಕಿಬಿದ್ದೆನಾ ಅಂತ. ಅರ್ಥ ಬಿಡಿಸಿ ಹೇಳಲು ಹೋಗಬೇಡ.

ಇನ್ನು ನೂಲು ಬಿಚ್ಚುವ ಭಾಗ. ರೇಷ್ಮೆಗೂಡಿನ ಮಾರುಕಟ್ಟೆಯ ಊರಲ್ಲಿದ್ದುಕೊಂಡು 'ರೇಷ್ಮೆಯ ಎಳೆಗಳು ಒಂದಕ್ಕೊಂದು ಸಿಲುಕಿದವು' ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀಯಲ್ಲ! ಗೂಡಿನಲ್ಲಿ ಇರುವುದು ನೂರಾರು ಮೀಟರಿನ ಒಂದೇ ಎಳೆ. ಬಿಸಿನೀರಿಗೆ ಹಾಕಿದಾಗ ಅಂಟು ಸಡಿಲವಾಗುತ್ತದೆ, ಮೊದಲು ಮೇಲಿನ ಒರಟು ಎಳೆ ಗೊಂಚಲಾಗಿ ಎದ್ದು ಬರುತ್ತದೆ, ಅದನ್ನು ಕಿತ್ತು ತೆಗೆದ ಮೇಲೆ ಸರಿಯಾದ ತುದಿ ಸಿಗುತ್ತದೆ. ಸಿಗುತ್ತದೆ! ನೋಡು, ಸಿಕ್ಕು ಬಿಡಿಸಿದರೆ ತುದಿ ಸಿಗುತ್ತದೆ, ಎರಡೂ ಅದೇ ಪದ. ಇಂಥ ಹಲವು ಗೂಡುಗಳ ತುದಿ ಸೇರಿ ಒಂದು ನೂಲು. ಒಂದು ಗೂಡಿನ ಎಳೆ ತುಂಡಾದರೆ ಬೇಸಿನ್ ಮುಂದೆ ಕೂತವಳು ಇನ್ನೊಂದರ ತುದಿ ಹುಡುಕಿ, ಓಡುತ್ತಿರುವ ನೂಲಿಗೇ ಎಸೆದು ಸೇರಿಸುತ್ತಾಳೆ. ಬೆರಳು ಇಡೀ ದಿನ ಬಿಸಿನೀರಲ್ಲಿ ನೆನೆದು ಬಿಳುಚಿರುತ್ತದೆ. ನಿನ್ನ ಹುಡುಗಿ ಕೆಲಸ ಮಾಡುವುದು ಅಲ್ಲಿ. ಪ್ರೀತಿಯ ಪ್ಯಾರಾ ಕಮ್ಮಿ ಮಾಡಿ ಈ ಬೆರಳಿಗೆ ಒಂದು ಪುಟ ಕೊಡು.

ಬೇಲಿಯ ಹತ್ತಿರ ದುಪಟ್ಟಾ ಸಿಲುಕುವುದು ಬೇಡ. ಮುಳ್ಳಿಗೆ ಸಿಕ್ಕಿತು ಅನ್ನು, ಸಾಕು. ಅದೇ ಕಾಲಿಗೆ ಸುತ್ತಿ ಮುಗ್ಗರಿಸಿದರೆ ತೊಡರಿತು. ತೊಡಕು ಅಂತ ಬರೆಯುವಾಗ ಹುಷಾರು, ಅದು ಕಾಗದಪತ್ರದ ಕಡೆಗೆ ವಾಲುತ್ತದೆ, ಕಾನೂನು ತೊಡಕು, ತಾಂತ್ರಿಕ ತೊಡಕು. ಯುಗಾದಿ ಮಾರನೇ ದಿನದ ಹೊಸತೊಡಕು ಬೇರೆ ಸಮಾಚಾರ, ಅದು ತೊಡಗುವ ತೊಡಕು, ಅಲ್ಲಿ ಮಾಂಸದ ಸಾರು ಬಿಟ್ಟರೆ ಯಾವ ಸಮಸ್ಯೆಯೂ ಇಲ್ಲ. ಟ್ರಾಫಿಕ್ಕಿನ ಸಾಲು ತೆಗೆದೇ ಹಾಕು. ಅದರಿಂದ ಕತೆಗೆ ಏನೂ ಆಗುವುದಿಲ್ಲ.

ಒಂದು ಸಾಲು ಮಾತ್ರ ಮುಟ್ಟಬೇಡ. ಸಂತೆಯ ದಿನ ಹುಡುಗ ಎದುರಾದಾಗ 'ಕೊನೆಗೂ ಅವನಿಗೆ ಸಿಕ್ಕಿದೆ' ಅಂತ ಹುಡುಗಿ ಅಂದುಕೊಳ್ಳುತ್ತಾಳಲ್ಲ, ಅದು. ಭೇಟಿಯಾದೆ ಅಂತಲೋ, ಕೈಗೆ ಬಿದ್ದೆ ಅಂತಲೋ ಅವಳಿಗೇ ಇನ್ನೂ ಗೊತ್ತಿಲ್ಲ. ಸಂಪಾದಕರು ಅದನ್ನು ತಿದ್ದಿ 'ಭೇಟಿಯಾದೆ' ಅಂತ ಮಾಡಲು ಬಂದರೆ ಜಗಳ ಮಾಡು, ಬೇಕಾದರೆ ನನ್ನ ಹೆಸರು ಹೇಳು.

ತಿದ್ದಿದ ಮೇಲೆ ಇನ್ನೊಮ್ಮೆ ನನಗೆ ಕಳಿಸು. ಅಪ್ಪನದೊಂದು ಇತ್ಯರ್ಥ ಮಾಡಿಯೇ ಕಳಿಸು.

ನಿನ್ನ ಮೇಷ್ಟ್ರು